ಮಾಸ್ಟರ್ ಪ್ಲಾನ್ ಕರಡಿನಲ್ಲಿ ನಮ್ಮ ಜಮೀನು ಹಸಿರಿನಿಂದ ಹಳದಿಗೆ ಬಂದಿದೆ. ಹಸು, ಕುರಿ ಸಾಕುವವರು ಆಕ್ಷೇಪಣೆ ಹೇಗೆ ಸಲ್ಲಿಸಬೇಕು?

ಮೊದಲು ಗಡುವು ನೋಡಿ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 13ನೇ ಕಲಮಿನಂತೆ, ತಾತ್ಕಾಲಿಕ ಅನುಮೋದನೆ ಸಿಕ್ಕ ಯೋಜನೆ ಪ್ರಕಟವಾದ ಮೇಲೆ ಸಾರ್ವಜನಿಕರಿಗೆ ಸಿಗುವುದು 60 ದಿನ.

ಬಣ್ಣದ ನಕ್ಷೆಯನ್ನಷ್ಟೇ ನೋಡಿ ವಾಪಸ್ ಬರಬೇಡಿ. ಹಸಿರು ಕೃಷಿ ವಲಯ, ಹಳದಿ ವಸತಿ ವಲಯ, ಅಷ್ಟು ಸರಿ. ನಿಜವಾದ ನಿರ್ಬಂಧ ಇರುವುದು ಜೊತೆಗಿನ ವಲಯ ನಿಯಮಾವಳಿಯಲ್ಲಿ. ವಸತಿ ವಲಯದ ಅನುಮತಿತ ಉಪಯೋಗಗಳ ಪಟ್ಟಿಯಲ್ಲಿ ಹೈನುಗಾರಿಕೆ, ಕುರಿ, ಕೋಳಿ ಸಾಕಣೆ ಇದೆಯೇ ನೋಡಿ. ಇಲ್ಲದಿದ್ದರೆ ಆ ನಿಯಮದ ಸಂಖ್ಯೆ, ಪುಟ ಬರೆದುಕೊಳ್ಳಿ.

ಬರೀ 'ನಮ್ಮ ವಿರೋಧವಿದೆ' ಎಂದರೆ ಅಧಿಕಾರಿಗೆ ತಿದ್ದಲು ಏನೂ ಸಿಗುವುದಿಲ್ಲ. ಸರ್ವೆ ನಂಬರ್, ಹಿಸ್ಸಾ ಸಮೇತ ಎರಡು ಬೇಡಿಕೆ ಇಡಿ: ಜಮೀನನ್ನು ಕೃಷಿ ವಲಯದಲ್ಲೇ ಉಳಿಸಬೇಕು, ಆಗದಿದ್ದರೆ 'ಈಗಾಗಲೇ ಇರುವ ಕೊಟ್ಟಿಗೆಗಳು ಮುಂದುವರಿಯಬಹುದು, ದುರಸ್ತಿ ಮಾಡಿಕೊಳ್ಳಬಹುದು' ಎಂಬ ವಾಕ್ಯವನ್ನು ನಿಯಮಕ್ಕೆ ಸೇರಿಸಬೇಕು. ದುರಸ್ತಿ ಎಂಬ ಮಾತು ಬಿಡಲೇಬೇಡಿ. ಅದಿಲ್ಲದೆ ನಾಳೆ ಸೋರುವ ಶೀಟು ಬದಲಿಸುವುದಕ್ಕೂ ತಕರಾರು ಬರಬಹುದು.

ಜೊತೆಗೆ ಪಹಣಿ, ಡೇರಿ ಪಾಸ್‌ಬುಕ್, ಜಾನುವಾರುಗಳ ಕಿವಿಯೋಲೆಯ 12 ಅಂಕಿಗಳ ಸಂಖ್ಯೆ, ಕೊಟ್ಟಿಗೆಯ ಫೋಟೊ ಇರಲಿ. ತಿಪ್ಪೆಗುಂಡಿಯಿಂದ ಹತ್ತಿರದ ಮನೆಗೆ, ಬಾವಿಗೆ ಎಷ್ಟು ಮೀಟರ್ ಎಂದು ಅಳೆದು ಬರೆಯಿರಿ. ವಾಸನೆ, ಗಲೀಜು ಎಂಬ ವಾದಕ್ಕೆ ಅದೇ ಉತ್ತರ. ಪಹಣಿ ತೀರಿಕೊಂಡ ತಂದೆಯ ಹೆಸರಲ್ಲೇ ಇದ್ದರೆ ವಂಶವೃಕ್ಷ ಲಗತ್ತಿಸಿ.

ಊರಿನವರೆಲ್ಲ ಒಂದೇ ಅರ್ಜಿಗೆ ಸಹಿ ಹಾಕುವುದಕ್ಕಿಂತ ಮನೆಗೊಂದು ಅರ್ಜಿ ಕೊಡಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಯೋಜನಾ ಪ್ರಾಧಿಕಾರದ ಸೀಲು, ದಿನಾಂಕ ಹಾಕಿಸಿಕೊಳ್ಳಿ.