ಕಿವಿಗೆ ತೂತೇ ಇಲ್ಲದೆ ಹುಟ್ಟಿದ ಮಗುವಿಗೆ ವರ್ಷದೊಳಗೇ ಆಪರೇಷನ್ ಮಾಡಿಸಬೇಕಾ?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ನಾಲ್ಕು ತಿಂಗಳ ಗಂಡು ಮಗು, ಬಲಗಿವಿ ಶೇಂಗಾಕಾಯಿಯಷ್ಟೇ ಇದೆ, ತೂತಿಲ್ಲ, ಎಡಗಿವಿ ಸರಿ ಇದೆ. ಯಾರೋ ಡಾಕ್ಟರು "ವರ್ಷ ತುಂಬಿದ ಕೂಡಲೇ ತೂತು ಮಾಡಿಬಿಡೋಣ, ಕೇಳಿಸುತ್ತೆ" ಅಂದಿದ್ದಾರೆ. ಮಾಡಿಸಬೇಕಾ ಅಂತ ಕೇಳಿದ್ದೀರಿ.

ಬೇಡ. ವರ್ಷಕ್ಕಂತೂ ಬೇಡವೇ ಬೇಡ.

ನಾನು ಡಾಕ್ಟರಲ್ಲ, ಗದಗಿನಲ್ಲಿ ಬಸ್ ಕಂಡಕ್ಟರ್. ಆದರೆ ನನ್ನ ಮಗಳು ಎರಡೂ ಕಿವಿ ಹೀಗೇ ಇಟ್ಟುಕೊಂಡು ಹುಟ್ಟಿದವಳು. ಅವಳ ಹಿಂದೆ ಓಡಾಡಿ ಕಲಿತಿದ್ದನ್ನು ಹೇಳುತ್ತೇನೆ.

ಮೊದಲು ಮನೆಯ ಮಾತು. ನಿಮ್ಮ ಮನೆಯಲ್ಲೂ ಯಾರಾದರೂ "ಗ್ರಹಣದಾಗ ಈಳಿಗಿ ಹಿಡದಿರಬೇಕು" ಅಂದೇ ಇರುತ್ತಾರೆ. ನಮ್ಮಲ್ಲಿ ನನ್ನ ಅವ್ವನೇ ಅಂದಳು. 2010ರ ಜನವರಿ 15ಕ್ಕೆ ಸೂರ್ಯಗ್ರಹಣ ಇತ್ತು, ನನ್ನ ಹೆಂಡತಿಗೆ ಆಗ ಏಳು ತಿಂಗಳು. ಕಿವಿ ರೂಪ ತಳೆಯೋಕೆ ಶುರುವಾಗೋದು ಬಸಿರಿನ ಎರಡನೇ ತಿಂಗಳಲ್ಲಿ. ಗ್ರಹಣ ಬರೋ ಹೊತ್ತಿಗೆ ಆಗೋದೆಲ್ಲ ಆಗಿ ಹೋಗಿತ್ತು. ಇದನ್ನು ಅವ್ವನಿಗೆ ತಿಳಿಸಿ ಹೇಳೋಕೆ ನನಗೆ ಎರಡು ವರ್ಷ ಬೇಕಾಯಿತು. ಅಷ್ಟರಲ್ಲಿ ಹೆಂಡತಿ ಬೇಕಾದಷ್ಟು ಅತ್ತಿದ್ದಳು. ನೀವು ಇವತ್ತೇ ಹೇಳಿಬಿಡಿ.

ಈಗ ನಾವು ಮಾಡಿದ ತಪ್ಪು. ಹುಟ್ಟಿದಾಗ ಒಂದು ಖಾಸಗಿ ಆಸ್ಪತ್ರೆಯಲ್ಲಿ ಒಎಇ ಅನ್ನೋ ಟೆಸ್ಟ್ ಮಾಡಿ "ಎರಡೂ ಕಿವಿ ಫೇಲ್, ನರವೇ ಸತ್ತಿದೆ, ಕಾಕ್ಲಿಯರ್ ಇಂಪ್ಲಾಂಟ್ ಬೇಕು" ಅಂದುಬಿಟ್ಟರು. ದುಡ್ಡು ಹೊಂದಿಸೋದರಲ್ಲೇ ವರ್ಷ ಕಳೆಯಿತು. ಆಮೇಲೆ ಗೊತ್ತಾಗಿದ್ದು ಏನಂದರೆ, ಆ ಟೆಸ್ಟಿಗೆ ಕಿವಿಯ ತೂತಿನೊಳಗೆ ಸಣ್ಣ ಬಿರಡೆ ಇಡಬೇಕು. ತೂತೇ ಇಲ್ಲದ ಕಿವಿಯಲ್ಲಿ ಅದು ಪಾಸಾಗೋದಾದರೂ ಹೇಗೆ? ಹೊರಗಿವಿ, ನಡುಗಿವಿ ಬೆಳೆಯೋ ದಾರಿ ಬೇರೆ, ಒಳಗಿವಿ ಬೆಳೆಯೋ ದಾರಿ ಬೇರೆ. ಹಾಗಾಗಿ ಹೊರಗೆ ಏನೂ ಇಲ್ಲದಿದ್ದರೂ ಒಳಗಿನ ಶಂಖ (ಶಬ್ದವನ್ನು ನರಕ್ಕೆ ಮುಟ್ಟಿಸುವ ಸುರುಳಿ, ಕಾಕ್ಲಿಯಾ) ಹೆಚ್ಚಿನ ಮಕ್ಕಳಲ್ಲಿ ಚೆನ್ನಾಗೇ ಇರುತ್ತದೆ. ಶಬ್ದಕ್ಕೆ ದಾರಿ ಮುಚ್ಚಿದೆ, ಅಷ್ಟೇ. ಶಂಖವೇ ಕೆಟ್ಟವರಿಗೆ ಹಾಕೋದು ಕಾಕ್ಲಿಯರ್ ಇಂಪ್ಲಾಂಟ್. ನಮಗೆ ಅದು ಬೇಕೇ ಇರಲಿಲ್ಲ.

ಇದು ಮಗಳಿಗೆ ನಮಗಿಂತ ಮೊದಲೇ ಗೊತ್ತಿತ್ತು ಅನಿಸುತ್ತದೆ. ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದರೆ ಮುಂದಿನ ಸೀಟಿನ ರಾಡಿಗೆ ಗದ್ದ ಒತ್ತಿಕೊಂಡು ಅಣ್ಣಿಗೇರಿ ದಾಟಿದರೂ ಅಲುಗಾಡದೆ ಕೂರುತ್ತಿದ್ದಳು. ಅವಳಜ್ಜಿ ರೊಟ್ಟಿ ಬಡಿಯುವಾಗ ಹೋಗಿ ಕಟ್ಟೆಗೆ ಕೆನ್ನೆ ಇಡುತ್ತಿದ್ದಳು. ಹುಡುಗಾಟ ಅಂತ ಬಿಟ್ಟಿದ್ದೆವು. ಕೊನೆಗೆ ರಾತ್ರಿ ರೈಲು ಹತ್ತಿ, ಮಾತು-ಕೇಳುವಿಕೆಯ ಸರ್ಕಾರಿ ಸಂಸ್ಥೆಯಾದ ಮೈಸೂರಿನ ಆಯಿಷ್‌ಗೆ ಹೋದಾಗ ಅಲ್ಲಿಯ ಮೇಡಂಗೆ ಇದನ್ನು ಹೇಳಿದೆ. ಅವರು ನಕ್ಕು, "ಎಲುಬಿನಿಂದ ಕೇಳಿಸಿಕೊಳ್ಳುತ್ತಿದ್ದಾಳೆ ರೀ" ಅಂದರು. ಎಲುಬಿಗೆ ಕಂಪನ ಕೊಟ್ಟು ಬೆರಾ (ತಲೆಗೆ ತಂತಿ ಅಂಟಿಸಿ, ಶಬ್ದಕ್ಕೆ ನರ, ಮೆದುಳು ಸ್ಪಂದಿಸುತ್ತಾ ಅಂತ ನೋಡೋ ಟೆಸ್ಟ್) ಮಾಡಿ ನೋಡಿದರೆ ಎರಡೂ ಶಂಖ ಸರಿ ಇದ್ದವು. ಹದಿನಾಲ್ಕನೇ ತಿಂಗಳಿಗೆ ತಲೆಗೆ ಮೆತ್ತನೆಯ ಪಟ್ಟಿ, ಅದಕ್ಕೆ ಬೆಂಕಿಪೆಟ್ಟಿಗೆಗಿಂತ ಸಣ್ಣ ಮಷೀನು. ಅದು ಕಿವಿಯ ಹಿಂದಿನ ಎಲುಬನ್ನು ನಡುಗಿಸಿ ಶಬ್ದವನ್ನು ನೇರ ಒಳಗೆ ಮುಟ್ಟಿಸುತ್ತದೆ. ಕತ್ತರಿ ಇಲ್ಲ, ಹೊಲಿಗೆ ಇಲ್ಲ. ಮೊದಲ ವಾರ ದಿನಾ ಕಿತ್ತು ರೊಟ್ಟಿ ಬುಟ್ಟಿಗೆ ಹಾಕುತ್ತಿದ್ದಳು, ಆಮೇಲೆ ನಾವು ತೆಗೆದರೆ ಅಳೋಕೆ ಶುರು ಮಾಡಿದಳು. ಇದನ್ನು ಮೂರ್ನಾಲ್ಕು ತಿಂಗಳಿಗೇ ಹಾಕಬಹುದಿತ್ತು. ಮಾತು ಕಲಿಯೋ ಹೊತ್ತಿನಲ್ಲಿ ಸುಮ್ನೆ ಕಳೆದ ಆ ತಿಂಗಳುಗಳು ನನಗೆ ಇವತ್ತಿಗೂ ಚುಚ್ಚುತ್ತವೆ.

ಮಷೀನು ಅಗ್ಗ ಅಲ್ಲ, ಲಕ್ಷಗಳ ಮಾತು. ಸಾಲ ಮಾಡಿದೆ. ಗಟ್ಟಿ ಹೆಡ್‌ಬ್ಯಾಂಡಿನ ಹಳೇ ನಮೂನೆಯದು ಕಡಿಮೆಗೆ ಸಿಗುತ್ತದೆ, ಅದನ್ನೂ ಕೇಳಿ ನೋಡಿ.

ಇನ್ನು ಆಪರೇಷನ್. ಜನ ಇಲ್ಲಿ ಎರಡು ಬೇರೆ ಕೆಲಸಗಳನ್ನು ಒಂದೇ ಅಂದುಕೊಳ್ಳುತ್ತಾರೆ. ತೂತು ಕೊರೆಯೋದು ಒಂದು, ಕಿವಿಯ ಆಕಾರ ಕಟ್ಟೋದು ಇನ್ನೊಂದು.

ತೂತು ಕೊರೆಯಬೇಕಾದರೆ ಮೊದಲು ಸಿಟಿ ಸ್ಕ್ಯಾನ್, ಅದೂ ಐದಾರು ವರ್ಷ ಆದ ಮೇಲೆ. ನಡುಗಿವಿಯ ಸಣ್ಣ ಎಲುಬುಗಳು, ಗಾಳಿ ಆಡೋ ಜಾಗ, ಮುಖದ ನರ ಹೋಗುವ ದಾರಿ ಎಲ್ಲ ನೋಡಿ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕುತ್ತಾರೆ. ಜಾರ್ಸ್‌ಡೋರ್ಫರ್ ಸ್ಕೋರ್ ಅಂತ ಅದರ ಹೆಸರು. ಏಳು ಅಥವಾ ಜಾಸ್ತಿ ಬಂದರೆ ಮುಂದಿನ ಮಾತು. ನನ್ನ ಮಗಳಿಗೆ ಐದೂ ದಾಟಲಿಲ್ಲ. ಈ ಮಕ್ಕಳಲ್ಲಿ ಮುಖದ ನರ ಎಷ್ಟೋ ಸಲ ಇರಬೇಕಾದ ಕಡೆ ಇರೋದಿಲ್ಲ, ಡ್ರಿಲ್ ತಾಗಿದರೆ ಬಾಯಿ ಸೊಟ್ಟ ಆಗಬಹುದು. ಕೊರೆದ ತೂತು ಮತ್ತೆ ಕಿರಿದಾಗಬಹುದು. ನಮ್ಮ ಪಕ್ಕದ ಬೆಡ್ಡಿನಲ್ಲಿದ್ದ ಹಾವೇರಿ ಕಡೆಯ ಹುಡುಗನಿಗೆ ಹಾಗೇ ಆಗಿ ಎರಡನೇ ಸಲ ಬಂದಿದ್ದರು. ಚೆನ್ನಾಗಿ ಆಗೋದೇ ಇಲ್ಲ ಅಂತಲ್ಲ, ಅಂಕ ಒಳ್ಳೆಯದಿದ್ದು ಕೈ ಪಳಗಿದ ಸರ್ಜನ್ ಸಿಕ್ಕರೆ ಆಗುತ್ತದೆ. ಆದರೆ ವರ್ಷದ ಕೂಸಿಗೆ, ಸ್ಕ್ಯಾನ್ ನೋಡದೆ "ತೂತು ಮಾಡಿಬಿಡೋಣ" ಅನ್ನುವವರನ್ನು ನಾನಂತೂ ನಂಬೋದಿಲ್ಲ.

ನಾವು ಆರನೇ ವರ್ಷಕ್ಕೆ ಕಿವಿ ಹಿಂದಿನ ಎಲುಬಿಗೆ ಸ್ಕ್ರೂ ಹಾಕಿಸಿದೆವು. ಮೂರು-ನಾಲ್ಕು ಮಿಲಿಮೀಟರಿನ ಟೈಟಾನಿಯಂ ಸ್ಕ್ರೂ. ಎಲುಬು ಅದನ್ನು ಬಿಗಿಯಾಗಿ ಹಿಡಿಯೋಕೆ ಕೆಲವು ತಿಂಗಳು ಕಾದು ಆಮೇಲೆ ಮಷೀನು ಸಿಕ್ಕಿಸುತ್ತಾರೆ. ಇದೇನು ಹೊಸದಲ್ಲ, ಸ್ವೀಡನ್ನಿನಲ್ಲಿ 1977ರಲ್ಲೇ ಶುರುವಾದದ್ದು. ತಲೆಬುರುಡೆ ತೆಳ್ಳಗಿರುತ್ತದೆ ಅಂತ ಐದು ವರ್ಷದ ಒಳಗೆ ಸಾಮಾನ್ಯವಾಗಿ ಹಾಕೋದಿಲ್ಲ. ಸ್ಕ್ರೂ ಸುತ್ತ ದಿನಾ ಸ್ವಚ್ಛ ಮಾಡಬೇಕು. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಬೆವರು ಕೂತು ಎರಡು ಸಲ ಕೀವಾಯಿತು. ಈಗ ಚರ್ಮದ ಒಳಗೇ ಇಟ್ಟು ಹೊರಗೆ ಅಯಸ್ಕಾಂತದಿಂದ ಹಿಡಿಸುವ ನಮೂನೆಗಳೂ ಬಂದಿವೆ.

ಆಕಾರದ್ದು ಇನ್ನೂ ತಡ. ಪಕ್ಕೆಲುಬಿನ ಮೃದ್ವಸ್ಥಿ ತೆಗೆದು ಕಿವಿಯ ಹಾಗೆ ಕೆತ್ತಿ ಚರ್ಮದ ಕೆಳಗೆ ಇಡುತ್ತಾರೆ, ಅಷ್ಟು ಮೃದ್ವಸ್ಥಿ ಬೆಳೆದಿರಬೇಕಲ್ಲ. ಹತ್ತನೇ ವರ್ಷಕ್ಕೆ ಅಂದುಕೊಂಡಿದ್ದೆವು, ಕೊರೊನಾ ಬಂದು ಹನ್ನೆರಡಾಯಿತು. ಕಿವಿಗಿಂತ ಎದೆ ನೋವೇ ಜಾಸ್ತಿ, ಒಂದು ವಾರ ಅವಳನ್ನು ನಗಿಸಬೇಡಿ ಅಂತ ಎಲ್ಲರಿಗೂ ತಾಕೀತು ಮಾಡಿದ್ದೆ. ಒಂದು ಮಾತು, ಈಗಿರುವ ಆ ಶೇಂಗಾದಂಥ ಚರ್ಮವನ್ನು ಚೆಂದ ಕಾಣಲ್ಲ ಅಂತ ಯಾರಿಗೂ ಕತ್ತರಿಸೋಕೆ ಬಿಡಬೇಡಿ, ಮುಂದೆ ಕಿವಿಯ ಹಾಲೆ ಮಾಡೋದು ಅದರಿಂದಲೇ. ಮಗಳು ಈಗ ಅದಕ್ಕೇ ಬೆಂಡೋಲೆ ಹಾಕಿಕೊಂಡು ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. ನಾವು ಜಗಳಕ್ಕೆ ನಿಂತರೆ ಮಷೀನು ತೆಗೆದಿಟ್ಟು ಓದುತ್ತಾಳೆ.

ನಿಮ್ಮದು ಒಂದೇ ಕಿವಿ, ಅದೂ ಬಲ, ಅದೂ ಗಂಡು ಮಗು. ಹೆಚ್ಚಾಗಿ ಕಾಣೋದೇ ಹಾಗಂತೆ. ಎಡಗಿವಿ ನಿಜವಾಗಿ ಸರಿ ಇದ್ದರೆ ಮಾತು ಬಂದೇ ಬರುತ್ತದೆ. ಒಂದೇ ಕಿವಿಗೂ ಪಟ್ಟಿ ಹಾಕಬೇಕಾ ಅನ್ನೋದರಲ್ಲಿ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ನನ್ನನ್ನು ಕೇಳಿದರೆ ಕೆಲವು ದಿನ ಹಾಕಿ ನೋಡಿ, ಕೊಳ್ಳೋದು ಆಮೇಲೆ. ಆದರೆ ಆ ಎಡಗಿವಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಿರಿ. ಎರೆಯುವಾಗ ಅಜ್ಜಿಯರು ಎಣ್ಣೆ ಬಿಡೋಕೆ ಬಂದರೆ ಕೈ ಹಿಡಿಯಿರಿ. ನೆಗಡಿಯಾಗಿ ಸೋರಿದರೆ ಅವತ್ತೇ ಇಎನ್‌ಟಿ ಹತ್ತಿರ ಹೋಗಿ. ಸಾಲಿಗೆ ಹೋದಾಗ ಎಡಗಿವಿ ಟೀಚರ್ ಕಡೆ ಬರುವಂತೆ ಕೂರಿಸಿ. ಅಂಗವಿಕಲರ ಕಾರ್ಡಿನ ಆಸೆ ಇಟ್ಟುಕೊಳ್ಳಬೇಡಿ, 2016ರ ಕಾಯ್ದೆ ನೋಡೋದು ಎರಡೂ ಕಿವಿಯ ನಷ್ಟವನ್ನು.

ಈಗ ಬೆರಾ ರಿಪೋರ್ಟ್ ಇದ್ದರೆ ತೆಗೆದು ನೋಡಿ. ಗಾಳಿಯಿಂದ ಮಾಡಿದ್ದಕ್ಕೆ ಎಸಿ (AC), ಎಲುಬಿನಿಂದ ಮಾಡಿದ್ದಕ್ಕೆ ಬಿಸಿ (BC) ಅಂತ ಬರೆದಿರುತ್ತಾರೆ. ಬಿಸಿ ಇಲ್ಲದಿದ್ದರೆ ಈ ವಾರವೇ ಮತ್ತೆ ಮಾಡಿಸಿ. ಹೋಗುವ ದಾರಿಯಲ್ಲಿ ಕೂಸನ್ನು ಮಲಗಿಸಬೇಡಿ, ಟೆಸ್ಟಿನ ಹೊತ್ತಿಗೆ ನಿದ್ದೆ ಬರಬೇಕು.