ವಾಚನಾಲಯದ ಬಾಗಿಲಲ್ಲಿ ಕೇಳಿದ ಪ್ರಶ್ನೆ

ಪ್ರಿಯ ಲೇಖಕಿಯವರಿಗೆ, ನಮಸ್ಕಾರ.

ನೀವು ಕಳುಹಿಸಿದ ‘ಅಂಕಿಅಂಶಗಳ ಮೊದಲ ಪಾಠ’ವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲಾರೆ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನವಿದೆ. ಅದು ಆರನೆಯ ಪುಟದಲ್ಲಿ ಆರಂಭವಾಗುತ್ತದೆ.

ಮೊದಲ ಐದು ಪುಟಗಳಲ್ಲಿ ಸಮಷ್ಟಿ, ಮಾದರಿ, ಚರ, ಆವೃತ್ತಿ ಎಂದು ವ್ಯಾಖ್ಯೆಗಳನ್ನು ಸಾಲಾಗಿ ಜೋಡಿಸಿದ್ದೀರಿ. ಅವುಗಳಲ್ಲಿ ತಪ್ಪಿಲ್ಲ, ಆದರೆ ಪರೀಕ್ಷೆಗೆ ಬರೆದ ಉತ್ತರದಂತಿವೆ. ತೆಗೆದುಹಾಕಿ. ಆರನೆಯ ಪುಟದಲ್ಲಿ ಒಂದು ಭಾನುವಾರ ಬೆಳಗ್ಗೆ ಬದಿಯಡ್ಕ ಪೇಟೆಯ ವಾಚನಾಲಯದ ಬಾಗಿಲಲ್ಲಿ ನಿಂತು, 80 ಮಂದಿಯ ಬಳಿ ಅವರು ಯಾವ ಭಾಷೆಯ ಪತ್ರಿಕೆ ಓದುತ್ತಾರೆಂದು ಕೇಳಿದ್ದೀರಿ. 60 ಮಂದಿ ಕನ್ನಡ ಎಂದಿದ್ದಾರೆ. ಮುಂದಿನ ಸಾಲಿನಲ್ಲೇ ‘ಕಾಸರಗೋಡು ಜಿಲ್ಲೆಯ ಮುಕ್ಕಾಲು ಪಾಲು ಜನ ಕನ್ನಡ ಪತ್ರಿಕೆ ಓದುತ್ತಾರೆ’ ಎಂದು ತೀರ್ಮಾನಿಸಿದ್ದೀರಿ.

ಆ ಮಾತು ನಿಜವಾಗಿದ್ದರೆ ನನ್ನಷ್ಟು ಸಂತೋಷಪಡುವವರು ಯಾರೂ ಇರಲಾರರು. ಆದರೆ ಪತ್ರಿಕೆ ಓದಲೆಂದೇ ಬಂದವರನ್ನು ಮಾತ್ರ ನೀವು ಕೇಳಿದ್ದೀರಿ, ಅದೂ ಕನ್ನಡ ಹೆಚ್ಚಾಗಿ ಬಳಕೆಯಲ್ಲಿರುವ ಒಂದು ಪೇಟೆಯಲ್ಲಿ. ಜಿಲ್ಲೆ ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಹರಡಿದೆ. ಮನೆಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸರು, ಕುಂಬಳೆ ಕಡಲತಡಿಯ ಮೀನುಗಾರರು, ಹೊಸದುರ್ಗದ ಕಡೆಯ ಮಲಯಾಳಿಗಳು ಆ ಬಾಗಿಲಿಗೆ ಬರಲಿಲ್ಲ. ನಿಮ್ಮ ಸಮಷ್ಟಿ, ಅಂದರೆ ನೀವು ಯಾರ ಬಗ್ಗೆ ಹೇಳುತ್ತಿದ್ದೀರೋ ಆ ಇಡೀ ಗುಂಪು, ಒಂದು ಜಿಲ್ಲೆ. ಮಾದರಿ, ಅಂದರೆ ಅದರಿಂದ ಆರಿಸಿ ಕೇಳಿದವರು, ಒಂದು ಹೊಸ್ತಿಲು.

ಇನ್ನೂ ಹೆಚ್ಚು ಜನರನ್ನು ಕೇಳಿದ್ದರೆ ಫಲಿತಾಂಶ ನಿಖರವಾಗುತ್ತಿತ್ತು ಎಂದಿದ್ದೀರಿ. ಅದೇ ಬಾಗಿಲಲ್ಲಿ 800 ಮಂದಿಯನ್ನು ಕೇಳಿದರೂ ಅದೇ ತಪ್ಪು ಉಳಿಯುತ್ತದೆ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಅಧ್ಯಕ್ಷೀಯ ಚುನಾವಣೆಯ ಬಗ್ಗೆ ಸುಮಾರು 1 ಕೋಟಿ ಮತಚೀಟಿಗಳನ್ನು ಅಂಚೆಯಲ್ಲಿ ಕಳುಹಿಸಿತು. 20 ಲಕ್ಷಕ್ಕೂ ಹೆಚ್ಚು ಚೀಟಿಗಳು ಮರಳಿ ಬಂದವು. ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಅದು ಬರೆಯಿತು, ಆಗಿದ್ದ 48 ರಾಜ್ಯಗಳಲ್ಲಿ 46ನ್ನು ಎದುರಾಳಿ ರೂಸ್‌ವೆಲ್ಟ್ ಗೆದ್ದರು. ಹೆಸರುಗಳನ್ನು ಬಹುಪಾಲು ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಗಳಿಂದ ಆರಿಸಿದ್ದರು. ಚೀಟಿ ಮರಳಿ ಕಳುಹಿಸದವರ ಮನಸ್ಸು ತಿಳಿಯಲೇ ಇಲ್ಲ.

ನಿಮ್ಮಲ್ಲೂ ಉತ್ತರಿಸದವರಿದ್ದಾರೆ. ಕೋಷ್ಟಕದಲ್ಲಿ ಕನ್ನಡ 60, ಮಲಯಾಳ 9, ಇತರ 4 ಎಂದಿದೆ. ಕೂಡಿದರೆ 73. ಉಳಿದ 7 ಮಂದಿ ಏನಾದರು? 60ನ್ನು 80ರಿಂದ ಭಾಗಿಸಿದರೆ ಶೇಕಡಾ 75, 73ರಿಂದ ಭಾಗಿಸಿದರೆ ಶೇಕಡಾ 82. ಯಾವುದರಿಂದ ಭಾಗಿಸಿದಿರಿ, ಏಕೆ ಎಂಬುದನ್ನು ಓದುಗರಿಗೆ ಹೇಳಲೇಬೇಕು. ವಯಸ್ಸಿನ ವರ್ಗಾಂತರಗಳನ್ನು, ಅಂದರೆ ವಯಸ್ಸಿನ ಗುಂಪುಗಳನ್ನು, 20–30, 30–40 ಎಂದು ಬರೆದಿದ್ದೀರಿ. 30 ತುಂಬಿದವರು ಯಾವ ಸಾಲಿಗೆ? 20–29, 30–39 ಎಂದು ತಿದ್ದಿ.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ‘ಭಾಷೆ’ ಎಂಬ ಒಂದೇ ಕಂಬಸಾಲು. ನಮ್ಮ ಊರುಗಳಲ್ಲಿ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಆಡುವವರು ಎಷ್ಟು ಮಂದಿ! ಕೊಂಕಣಿ, ಮರಾಠಿ, ಬ್ಯಾರಿ ಮನೆಮಾತಿನವರೂ ಇದ್ದಾರೆ. ಅವರೆಲ್ಲರನ್ನೂ ‘ಇತರ’ ಎಂಬ ಡಬ್ಬಿಗೆ ಹಾಕಿದರೆ ನಾಡಿನ ಚಹರೆಯೇ ಅಳಿಸಿಹೋಗುತ್ತದೆ. ಮನೆಮಾತು, ಕಲಿತ ಮಾಧ್ಯಮ, ಓದುವ ಪತ್ರಿಕೆ, ಈ ಮೂರನ್ನೂ ಬೇರೆ ಬೇರೆಯಾಗಿ ಕೇಳಿ. ಎರಡು ಭಾಷೆಗಳ ಪತ್ರಿಕೆ ಓದುವವರಿಗೆ ಒಂದು ಸಾಲು, ಏನೂ ಓದದವರಿಗೆ ಇನ್ನೊಂದು ಸಾಲು ಇರಲಿ. ಒಬ್ಬ ವ್ಯಕ್ತಿ ಎರಡು ಕಡೆ ಬೀಳಬಾರದು, ಯಾರೂ ಹೊರಗೆ ಉಳಿಯಲೂಬಾರದು. ಬಳಿಕ ಅಡ್ಡಸಾಲಿನಲ್ಲಿ ಮನೆಮಾತು, ಕಂಬಸಾಲಿನಲ್ಲಿ ಪತ್ರಿಕೆ ಇಟ್ಟು ಕೋಷ್ಟಕ ಮಾಡಿ. ತುಳು ಮನೆಗಳಲ್ಲಿ ಕನ್ನಡ ಪತ್ರಿಕೆ ಎಷ್ಟು ಎಂಬುದು ಆಗ ಕಣ್ಣಿಗೆ ಕಾಣುತ್ತದೆ.

ಇಡೀ ಜಿಲ್ಲೆ ನಿಮ್ಮಿಂದಾಗದ ಕೆಲಸ, ಬಿಡಿ. ನಿಮ್ಮ ಪಂಚಾಯತಿನ ಒಂದು ವಾರ್ಡನ್ನು ಆರಿಸಿ. ಮತದಾರರ ಪಟ್ಟಿಯಲ್ಲಿ 1,200 ಹೆಸರುಗಳಿದ್ದು 60 ಮಂದಿ ಬೇಕಿದ್ದರೆ, 1ರಿಂದ 20ರೊಳಗಿನ ಒಂದು ಸಂಖ್ಯೆಯನ್ನು ಚೀಟಿ ಎತ್ತಿ ಆರಿಸಿ, ಅಲ್ಲಿಂದ ಪ್ರತಿ ಇಪ್ಪತ್ತನೆಯ ಹೆಸರಿನವರ ಮನೆಗೆ ಹೋಗಿ. ಇದಕ್ಕೆ ಕ್ರಮಬದ್ಧ ಮಾದರಿ ಎನ್ನುತ್ತಾರೆ. ವ್ಯಾಖ್ಯೆ ಇಲ್ಲಿ ಬರಲಿ, ಓದುಗರಿಗೆ ಅದು ಬೇಕಾದ ಹೊತ್ತಿನಲ್ಲಿ. ಬಾಗಿಲು ಹಾಕಿದ್ದರೆ ಪಕ್ಕದ ಮನೆಗೆ ಹೋಗಬೇಡಿ, ಮತ್ತೊಂದು ದಿನ ಅಲ್ಲಿಗೇ ಹೋಗಿ. 18 ತುಂಬದವರು ಆ ಪಟ್ಟಿಯಲ್ಲಿ ಇಲ್ಲ, ಗಲ್ಫ್‌ನಲ್ಲಿರುವ ಕೆಲವರ ಹೆಸರು ಇರಬಹುದು. ಅದನ್ನೂ ಬರೆಯಿರಿ.

ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು. ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕೆಂದು ಮನವಿ ಕೊಡುವಾಗ ಸಂಖ್ಯೆ ಹೇಳಬೇಕಾಗುತ್ತದೆ. ಅದು ಎಲ್ಲಿಂದ ಬಂತೆಂದು ಮೇಜಿನ ಆಚೆ ಕುಳಿತವರು ಕೇಳಿದರೆ, ನಮ್ಮ ಬಳಿ ಉತ್ತರವಿರಬೇಕು.

ತಿದ್ದಿದ ಲೇಖನ ನಾಲ್ಕು ಪುಟ ಇದ್ದರೆ ಸಾಕು, ನಾನೇ ಓದುತ್ತೇನೆ. ಆ ಭಾನುವಾರ ಉತ್ತರಿಸದೆ ಹೋದ 7 ಮಂದಿ ಯಾರು, ಏನು ಹೇಳಿ ಹೋದರು ಎಂಬುದು ನೆನಪಿದ್ದರೆ ಇಂದೇ ಬರೆದಿಡಿ.

ವಿಶ್ವಾಸದಿಂದ,
ಸಂಪಾದಕ