ಆರು ತಿಂಗಳ ಕೂಸಿಗೆ ಮೊದಲ ಊಟ: ಕಟ್ಟು ಬಿಡಿ, ಬೇಳೆ ಕೊಡಿ

ನೀವು ಕೇಳಿರೋದು ಇಷ್ಟು. ಮಗಳಿಗೆ ಮುಂದಿನ ವಾರ ಆರು ತಿಂಗಳು ತುಂಬುತ್ತೆ, ಅತ್ತೆಯವರು ಬೇಳೆ ಕಟ್ಟಿನಿಂದ ಶುರು ಮಾಡು ಅಂತಾರೆ, ಯಜಮಾನರು ಅಂಗಡಿಯ ಡಬ್ಬಿ ಪುಡಿ ತಂದಿಟ್ಟಿದ್ದಾರೆ. ಮನೇಲೇ ಸುಲಭವಾಗಿ ಏನು ಮಾಡಬಹುದು, ಎಷ್ಟು ಕೊಡಬೇಕು?

ನಾನೂ ಕಲಬುರಗಿಯವಳೇ. ದೊಡ್ಡವನಿಗೆ ಈಗ ಐದು ವರ್ಷ, ಚಿಕ್ಕವಳಿಗೆ ಹತ್ತು ತಿಂಗಳು. ಡಾಕ್ಟರ್ ಅಲ್ಲ, ದೊಡ್ಡವನ ಕಾಲಕ್ಕೆ ಮಾಡಿದ ತಪ್ಪನ್ನು ಚಿಕ್ಕವಳಿಗೆ ಮಾಡಲಿಲ್ಲ, ಅಷ್ಟೇ ನನ್ನ ಅನುಭವ.

ಆ ತಪ್ಪೇ ಬೇಳೆ ಕಟ್ಟು. ನಮ್ಮತ್ತೆಯವರೂ ಅದನ್ನೇ ಹೇಳಿದ್ದರು, ಹಗುರ ಇರ್ತದ, ಕೂಸಿಗೆ ಅರಗ್ತದ ಅಂತ. ನಾನೂ ತಲೆಯಾಡಿಸಿ ಎರಡು ತಿಂಗಳು ದಿನಾ ತೊಗರಿ ಬೇಳೆ ಬೇಯಿಸಿ, ಮೇಲಿನ ತಿಳಿ ಬಸಿದು, ತುಪ್ಪದ ಹನಿ ಹಾಕಿ ಕುಡಿಸಿದೆ. ಹುಡುಗ ಕುಡಿಯುತ್ತಿದ್ದ, ಹೊಟ್ಟೆ ತುಂಬಿದ ಹಾಗೆ ಕಾಣುತ್ತಿದ್ದ, ಆದರೆ ತೂಕ ಮಾತ್ರ ನಿಂತಲ್ಲೇ ನಿಂತಿತ್ತು. ಅಂಗನವಾಡಿ ಟೀಚರ್ ತಾಯಿ ಕಾರ್ಡ್ ತೆಗೆದು ಮೇಲೆ ಏರಬೇಕಿದ್ದ ಗೆರೆ ಅಡ್ಡ ಮಲಗಿರೋದನ್ನು ತೋರಿಸಿ ಕೇಳಿದರು: "ಕಟ್ಟು ಕೂಸಿಗೆ ಕುಡಿಸ್ತೀರಿ. ಬ್ಯಾಳಿ ಯಾರು ತಿಂತಾರ?" "ನಾವ" ಅಂದೆ. ಅಂದಮೇಲೆ ನನಗೇ ನಗು ಬಂತು, ಆಮೇಲೆ ಅಳು.

ಆ ವಯಸ್ಸಿನ ಕೂಸಿನ ಹೊಟ್ಟೆ ತೀರಾ ಚಿಕ್ಕದು. ಅದನ್ನು ನೀರಿನಿಂದ ತುಂಬಿಸಿದರೆ ಎದೆಹಾಲಿಗೂ ಜಾಗ ಇರಲ್ಲ, ಬೇಳೆಗೂ ಇರಲ್ಲ. ಎದೆಹಾಲಾದರೂ ಕಟ್ಟಿಗಿಂತ ಎಷ್ಟೋ ಗಟ್ಟಿ ಊಟ! ಜಿಐ ಟ್ಯಾಗ್ (ಈ ಊರಿನ ವಿಶೇಷ ಬೆಳೆ ಅನ್ನೋ ಸರ್ಕಾರದ ಗುರುತು) ಸಿಕ್ಕಿರೋ ತೊಗರಿ ಬೆಳೆಯೋ ಜಿಲ್ಲೆಯಲ್ಲಿ ಕೂತು ಕೂಸಿಗೆ ಅದರ ನೀರು ಕುಡಿಸುತ್ತಿದ್ದೆ ನೋಡಿ.

ಹಾಗಾಗಿ ಒಂದೇ ಪರೀಕ್ಷೆ ಇಟ್ಟುಕೊಳ್ಳಿ. ಚಮಚದಲ್ಲಿ ತೆಗೆದು ವಾರೆ ಮಾಡಿ. ಸುರಿದು ಹೋದರೆ ತೆಳ್ಳಗಾಯ್ತು, ನಿಧಾನಕ್ಕೆ ಜಾರಿದರೆ ಸರಿ ಇದೆ. ಮೊದಲ ದಿನದಿಂದಲೇ ಹಾಗೇ ಇರಲಿ, ಗಂಟು ಮಾತ್ರ ಇರಬಾರದು.

ನಾನು ಚಿಕ್ಕವಳಿಗೆ ಶುರು ಮಾಡಿದ್ದು ಹೆಸರುಬೇಳೆ ಕಿಚಡಿಯಿಂದ. ಎರಡು ದೊಡ್ಡ ಚಮಚ ಅಕ್ಕಿ, ಒಂದು ಚಮಚ ಹೆಸರುಬೇಳೆ, ತೊಳೆದು ಅರ್ಧ ಗಂಟೆ ನೆನೆಸಿ, ಒಂದು ಲೋಟ ನೀರು ಹಾಕಿ ಸಣ್ಣ ಡಬ್ಬಿಯಲ್ಲಿ ಕುಕ್ಕರಿನೊಳಗೆ ಇಡೋದು. ನಿಮ್ಮ ಮನೆಯ ಬೇಳೆ ಬೇಯುವಾಗಲೇ ಪಕ್ಕದಲ್ಲಿ ಬೇಯುತ್ತೆ, ಬೇರೆ ಗ್ಯಾಸ್ ಬೇಕಿಲ್ಲ. ಅದರಲ್ಲೇ ಒಂದು ತುಂಡು ಗಜ್ಜರಿ ಅಥವಾ ಕುಂಬಳ ಹಾಕಿ. ಬೆಂದ ಮೇಲೆ ಚಮಚದ ಬೆನ್ನಿನಿಂದ ನುರಿದು ಅರ್ಧ ಟೀ ಚಮಚ ತುಪ್ಪ. ಮಿಕ್ಸಿ ಬೇಡ. ಮಿಕ್ಸಿಗೆ ಹಾಕಿದರೆ ಗೋಂದಿನ ಹಾಗೆ ಆಗುತ್ತೆ, ಕೂಸು ಅಗಿಯೋದನ್ನೂ ಕಲಿಯಲ್ಲ. ಉಪ್ಪು, ಸಕ್ಕರೆ, ಬೆಲ್ಲ ಒಂದು ವರ್ಷದವರೆಗೆ ಹಾಕೋದೇ ಇಲ್ಲ. ನಮಗೆ ಸಪ್ಪೆ ಅನ್ನಿಸುತ್ತೆ, ಅವಳಿಗೆ ಅದು ಗೊತ್ತೇ ಇಲ್ಲವಲ್ಲ.

ಇನ್ನು ಜೋಳ. ನಮ್ಮ ಕಡೆ ಜೋಳ ಬಿಟ್ಟು ಊಟ ಉಂಟಾ? ಏಳು ತಿಂಗಳಿಗೆ ಜೋಳದ ಹಿಟ್ಟಿನ ಗಂಜಿ ಶುರು ಮಾಡಿದೆ. ತಣ್ಣೀರಿನಲ್ಲಿ ಹಿಟ್ಟು ಕದಡಿ, ಕುದಿಯೋ ನೀರಿಗೆ ಹಾಕಿ ಕೈ ಬಿಡದೆ ತಿರುವಿ ಚೆನ್ನಾಗಿ ಬೇಯಿಸೋದು, ಇಳಿಸಿದ ಮೇಲೆ ಒಂದು ಚಮಚ ಮೊಸರು. ಒಂಬತ್ತು ತಿಂಗಳಿಗೆ ನುಚ್ಚು. ಈಗ ಅವಳ ಅಚ್ಚುಮೆಚ್ಚು ಅದೇ, ನುಚ್ಚಿಗೆ ಗಟ್ಟಿ ಬೇಳೆ ಕಲಸಿ ಕೊಟ್ಟರೆ ಬಟ್ಟಲು ನೆಕ್ಕುತ್ತಾಳೆ. ಗಿರಣಿಗೆ ಹೋದಾಗ ಒಂದು ಮಾತು ಕೇಳಿ, ನಿಮಗಿಂತ ಮುಂಚೆ ಏನು ಬೀಸಿದರು ಅಂತ. ನನ್ನ ಮುಂದೆ ಯಾರೋ ಖಾರಪುಡಿ ಬೀಸಿಸಿಕೊಂಡು ಹೋಗಿದ್ದರು, ಆ ಹಿಟ್ಟಿನ ಗಂಜಿ ಬಾಯಿಗಿಟ್ಟ ಕೂಡಲೇ ಕೂಸು ಚೀರಿದ್ದು ಪಕ್ಕದ ಮನೆಗೂ ಕೇಳಿತ್ತು.

ಮೊಳಕೆ ಕಟ್ಟಿದ ಕಾಳಿನ ಹಿಟ್ಟಿನ ಬಗ್ಗೆ ಎಲ್ಲರೂ ಹೇಳುತ್ತಾರೆ, ಅದು ನಿಜಕ್ಕೂ ಒಳ್ಳೇದು. ಮೊಳಕೆ ಬಂದಾಗ ಕಾಳಿನಲ್ಲಿರೋ ಪಿಷ್ಟ ಒಡೆಯೋಕೆ ಶುರುವಾಗುತ್ತೆ, ಆ ಹಿಟ್ಟಿನ ಗಂಜಿ ನೀರು ಜಾಸ್ತಿ ಹಾಕದೆಯೂ ಮೆತ್ತಗಿರುತ್ತೆ. ಅಂದರೆ ಅದೇ ಚಮಚದಲ್ಲಿ ಜಾಸ್ತಿ ಕಾಳು ಹೊಟ್ಟೆಗೆ ಹೋಗುತ್ತೆ, ಕಬ್ಬಿಣವೂ ಚೆನ್ನಾಗಿ ಹಿಡಿಯುತ್ತೆ. ರಾಗಿ ಮತ್ತು ಹೆಸರುಕಾಳನ್ನು ರಾತ್ರಿ ನೆನೆಸಿ ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು ಪುಡಿ ಮಾಡಿ. ಆದರೆ ಜೋಳವನ್ನು ಮಾತ್ರ ಮೊಳಕೆ ಕಟ್ಟಬೇಡಿ. ಎಳೆ ಜೋಳದ ಬೆಳೆ ಮೇಯ್ದ ದನಕ್ಕೆ ವಿಷ ಏರುತ್ತೆ ಅನ್ನೋದು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಗೊತ್ತಲ್ವಾ, ಅದೇ ಸಯನೈಡ್ ಅಂಶ ಜೋಳದ ಮೊಳಕೆಯಲ್ಲೂ ಇರುತ್ತೆ. ಒಣ ಕಾಳಿನ ಹಿಟ್ಟಿಗೆ ಆ ಭಯ ಇಲ್ಲ.

ಕಬ್ಬಿಣ ಅಂದೆನಲ್ಲ, ಅದು ಮುಖ್ಯ. ಹುಟ್ಟುವಾಗ ತಾಯಿಯಿಂದ ತಂದ ಕಬ್ಬಿಣದ ಗಂಟು ಹೆಚ್ಚುಕಡಿಮೆ ಆರು ತಿಂಗಳಿಗೆ ಖಾಲಿಯಾಗುತ್ತೆ, ಎದೆಹಾಲಿನಲ್ಲಿ ಅದು ಕಡಿಮೆ. ಅದಕ್ಕೇ ಬೇಳೆ ದಿನಾ ಬೇಕು, ಮೇಲೆ ಎರಡು ಹನಿ ನಿಂಬೆರಸ ಹಿಂಡಿದರೆ ಆ ಕಬ್ಬಿಣ ಮೈಗೆ ಹತ್ತುತ್ತೆ. ನಮ್ಮನೇಲಿ ಮೊಟ್ಟೆ ಇಲ್ಲ, ನಿಮ್ಮಲ್ಲಿ ತಿಂದರೆ ಪೂರ್ತಿ ಬೇಯಿಸಿ ನುರಿದು ಕೊಡಿ, ಆರು ತಿಂಗಳಿಗೇ ಕೊಡಬಹುದು. ಸರ್ಕಾರದ ಕಡೆಯಿಂದ ಆರು ತಿಂಗಳ ಮೇಲಿನ ಮಕ್ಕಳಿಗೆ ವಾರಕ್ಕೆ ಎರಡು ಸಲ ಒಂದೊಂದು ಎಂಎಲ್ ಕಬ್ಬಿಣದ ಸಿರಪ್ ಇದೆ, ಆಶಾ ಕಾರ್ಯಕರ್ತೆಯನ್ನು ಕೇಳಿ.

ಹಣ್ಣಿಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬಾಳೆಹಣ್ಣು, ಪಪ್ಪಾಯಿ, ಚಿಕ್ಕು, ಬೇಯಿಸಿದ ಗೆಣಸು, ಯಾವುದಾದರೂ ನುರಿದು ಕೊಡಿ. ಹೊಸದು ಒಂದು ಶುರು ಮಾಡಿದರೆ ಎರಡು ಮೂರು ದಿನ ಅದನ್ನೇ ನೋಡಿ, ಮೈಮೇಲೆ ದದ್ದು, ವಾಂತಿ ಆದರೆ ಯಾವುದರಿಂದ ಅಂತ ಗೊತ್ತಾಗುತ್ತೆ.

ಬೇಡದ್ದು ಕೆಲವು ಇವೆ. ಜೇನು ಒಂದು ವರ್ಷದವರೆಗೆ ಬೆರಳಿನ ತುದಿಯಷ್ಟೂ ಬೇಡ, ಅದರಲ್ಲಿರಬಹುದಾದ ರೋಗಾಣು ಕೂಸಿನ ನರಗಳನ್ನೇ ಹಿಡಿಯುತ್ತೆ, ಕಾಯಿಸಿದರೂ ಹೋಗಲ್ಲ. ನಿಮ್ಮತ್ತೆ ನೆಕ್ಕಿಸೋಣ ಅಂದರೆ ಇಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಿ. ಕುಡಿಯೋಕೆ ಹಸುವಿನ ಹಾಲು, ಎಮ್ಮೆ ಹಾಲು ಒಂದು ವರ್ಷದ ಮೇಲೆ. ಇಡೀ ಶೇಂಗಾ ಕಾಳು, ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ. ಶೇಂಗಾ ಬೇಕಂದ್ರೆ ಹುರಿದು ನುಣ್ಣಗೆ ಪುಡಿ ಮಾಡಿ ಅರ್ಧ ಚಮಚ ಗಂಜಿಗೆ ಕಲಸಿ. ಊಟ ಯಾವಾಗಲೂ ಕೂಡಿಸಿಯೇ, ಮಲಗಿಸಿ ಅಲ್ಲ. ಕೆಮ್ಮಿ ಕಾರಿದರೆ ಗಾಬರಿ ಬೇಡ, ಅದು ಕಲಿಯೋ ರೀತಿ. ಸದ್ದೇ ಇಲ್ಲದೆ ಮುಖ ನೀಲಿಯಾದರೆ ಗಾಬರಿ ಪಡಬೇಕು, ಆಗ ತಡ ಮಾಡಬೇಡಿ. ಇನ್ನು ನಮ್ಮ ಏಪ್ರಿಲ್ ಮೇ ಬಿಸಿಲಿಗೆ ಬೆಳಗಿನ ಕಿಚಡಿ ಮಧ್ಯಾಹ್ನಕ್ಕೇ ಹಳಸಿರುತ್ತೆ, ಆಗಾಗ ಮಾಡಿ ಆಗಲೇ ತಿನ್ನಿಸಿ. ಎಂಜಲು ಬಟ್ಟಲಿನದ್ದು ಎತ್ತಿಡಬೇಡಿ. ಡಬ್ಬಿ ಪುಡಿ ವಿಷವೇನಲ್ಲ, ಪ್ರಯಾಣಕ್ಕೆ ಇರಲಿ, ಆದರೆ ಹಿಂದೆ ಓದಿ ನೋಡಿ, ಸಕ್ಕರೆ ಸೇರಿಸಿರೋದು ಇರುತ್ತೆ.

ಎಷ್ಟು ಅಂತ ಕೇಳಿದ್ದಿರಿ. ಮೊದಲು ಎರಡು ಮೂರು ಚಮಚ, ದಿನಕ್ಕೆ ಎರಡು ಸಲ, ಎದೆಹಾಲು ಹಾಗೇ ಮುಂದುವರಿಯಲಿ. ನಿಧಾನಕ್ಕೆ ಏರಿಸಿ, ಎಂಟು ತಿಂಗಳ ಹೊತ್ತಿಗೆ ಒಂದು ಸಲಕ್ಕೆ ಅರ್ಧ ಬಟ್ಟಲು, ದಿನಕ್ಕೆ ಮೂರು ಸಲ. ಒಂಬತ್ತರ ಮೇಲೆ ಮೂರು ನಾಲ್ಕು ಸಲ. ನಾಲಗೆಯಿಂದ ಹೊರಗೆ ತಳ್ಳಿದರೆ ಬೇಡ ಅಂತಲ್ಲ, ಇನ್ನೂ ಗೊತ್ತಾಗಿಲ್ಲ ಅಂತ. ಚಿಕ್ಕವಳು ಮೊದಲ ಐದು ದಿನ ಪೂರ್ತಿ ಉಗುಳಿದಳು, ಆರನೇ ದಿನ ಚಮಚ ಕಂಡ ಕೂಡಲೇ ಬಾಯಿ ತೆಗೆದಳು. ಮೂಗು ಹಿಡಿದು ತುರುಕೋದು, ಮೊಬೈಲ್ ತೋರಿಸೋದು ಎರಡೂ ಬೇಡ. ಏಳು ತಿಂಗಳು ದಾಟಿದರೂ ಒಂದು ಚಮಚವೂ ಇಳಿಯುತ್ತಿಲ್ಲ, ಅಥವಾ ಕಾರ್ಡಿನ ಗೆರೆ ನಮ್ಮವನ ಹಾಗೆ ಮಲಗಿದೆ ಅಂದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಅತ್ತೆಯವರ ಜೊತೆ ಜಗಳ ಬೇಡ. ನಮ್ಮನೇಲಿ ಈಗ ಆ ಕಟ್ಟಿಗೆ ಹುಣಸೆಹಣ್ಣು, ಮಸಾಲಿ ಹಾಕಿ ಒಗ್ಗರಣೆ ಕೊಟ್ಟು ಕಟ್ಟಿನ ಸಾರು ಮಾಡುತ್ತೇವೆ, ಬೇಳೆ ಚಿಕ್ಕವಳ ಬಟ್ಟಲಿಗೆ. ಅತ್ತೆಗೂ ಸಾರು ಇಷ್ಟ.